ಮೇಲಿನೂರಿನ ಮಳೆ, ಕೆಳಗಿನೂರಿನ ಹೊಳೆ



ಒಂದು ಪ್ರಶ್ನೆಯಿಂದ ಮಾತು ಸುರು ಮಾಡೋಣ. ಶ್ರಾವಣ ಮಾಸ. ರಾಮದುರ್ಗದ ಪೇಟೆಯಲ್ಲಿ ಬಿಸಿಲು. ಸುತ್ತಲಿನ ಹೊಲಗಳಲ್ಲಿ ಸಜ್ಜೆ, ತೊಗರಿ ಮುಗಿಲು ನೋಡುತ್ತ ನಿಂತಿವೆ. ಹದವಾದ ಮಳೆ ಬಂದು ಎಷ್ಟೋ ದಿನವಾಗಿದೆ. ಆದರೆ ಊರ ಮಗ್ಗುಲಿನ ಹೊಳೆ ಮಾತ್ರ ಎರಡೂ ದಂಡೆ ಹಿಡಿದು, ರಾಡಿಯಾಗಿ, ಸದ್ದು ಮಾಡುತ್ತ ಹೊರಟಿದೆ. ಇದು ಯಾವ ಊರಿನ ಮಳೆ?

ಈ ಪ್ರಶ್ನೆ ಹಿಡಿದುಕೊಂಡು ಇವತ್ತು ಮಲಪ್ರಭೆಯ ದಂಡೆಗುಂಟ ಹೋಗೋಣ. ಖಾನಾಪುರದ ಕಾಡಿನಿಂದ ಇಳಿಯೋಣ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳನ್ನು ದಾಟೋಣ. ದಾರಿಯುದ್ದಕ್ಕೂ ಮಣ್ಣು ಬದಲಾಗುತ್ತದೆ, ಬೆಳೆ ಬದಲಾಗುತ್ತದೆ, ಕಲ್ಲು ಬದಲಾಗುತ್ತದೆ. ನನ್ನ ಮಾತು ಮಾತ್ರ ಒಂದೇ. ಹೊಳೆಸಾಲಿನ ನಾವು ಬದುಕಿರುವುದು ನಮ್ಮ ಮಾಳಿಗೆಯ ಮೇಲೆ ಬಿದ್ದ ಮಳೆಯಿಂದಲ್ಲ. ಮೇಲಿನೂರಿನ ಮಳೆಯಿಂದ.

ಮೊದಲು ಆ ಮೇಲಿನೂರಿಗೆ ಹೋಗೋಣ. ಅದರ ಹೆಸರು ಕಣಕುಂಬಿ. ಖಾನಾಪುರ ತಾಲ್ಲೂಕಿನಲ್ಲಿ, ಗೋವಾದ ಗಡಿಯ ಹತ್ತಿರ, ಸಹ್ಯಾದ್ರಿಯ ನೆತ್ತಿಯ ಮೇಲಿದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ. ಅಲ್ಲಿ ಮಾವುಲಿ ದೇವಿಯ ಗುಡಿ ಇದೆ. ಆ ಗುಡಿಯ ಪರಿಸರದಲ್ಲೇ ಮಲಪ್ರಭೆಯ ಹುಟ್ಟು. ಹುಟ್ಟುವಾಗ ಅದೊಂದು ಸಣ್ಣ ಝರಿ.

ಈಗ ಮಳೆಯ ಲೆಕ್ಕ ಕೇಳಿ. ಕಣಕುಂಬಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ರಾಮದುರ್ಗದಲ್ಲಿ ಐದುನೂರರಿಂದ ಆರುನೂರು. ಅಂದರೆ ಅಲ್ಲಿ ಆರು ಕೊಡ ಸುರಿದರೆ ಇಲ್ಲಿ ಒಂದು. ಎರಡೂ ಒಂದೇ ಜಿಲ್ಲೆಯ ಊರುಗಳು. ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟಕ್ಕೆ ಡಿಕ್ಕಿ ಹೊಡೆದು ಅಲ್ಲೇ ಬಹಳಷ್ಟನ್ನು ಸುರಿಸಿಬಿಡುತ್ತದೆ. ಪೂರ್ವಕ್ಕೆ ಬಂದಷ್ಟೂ ಮೋಡ ಹಗುರ. ರಾಮದುರ್ಗ ಮುಟ್ಟುವ ಹೊತ್ತಿಗೆ ಬರೀ ನೆರಳು.

ಕಣಕುಂಬಿಯ ನೆತ್ತಿಯಲ್ಲಿ ಇನ್ನೊಂದು ವಿಶೇಷ ಇದೆ. ಅದು ನೀರು ಎರಡು ದಿಕ್ಕಿಗೆ ಒಡೆಯುವ ಜಾಗ. ದಿಬ್ಬದ ಈ ಮಗ್ಗುಲಿಗೆ ಬಿದ್ದ ಹನಿ ಮಲಪ್ರಭೆಗೆ ಇಳಿಯುತ್ತದೆ, ಕೃಷ್ಣೆಗೆ ಸೇರುತ್ತದೆ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆ ಮಗ್ಗುಲಿಗೆ ಬಿದ್ದ ಹನಿ ಕಳಸಾ ನಾಲೆ ಹಿಡಿದು, ಮಹದಾಯಿ ಸೇರಿ, ಗೋವಾ ದಾಟಿ ಅರಬ್ಬಿ ಸಮುದ್ರಕ್ಕೆ. ಈ ಮಾತು ನೆನಪಿನಲ್ಲಿರಲಿ. ಮುಂದೆ ಬೇಕಾಗುತ್ತದೆ.

ಹಾಗಾದರೆ ಹೊಳೆ ಹುಟ್ಟಿದ್ದು ಮಳೆಯ ನಾಡಿನಲ್ಲಿ ಅಂತಾಯಿತು. ಈಗ ಅದರ ಜೊತೆ ಕೆಳಗೆ ಇಳಿಯೋಣ.

ಖಾನಾಪುರ ದಾಟಿದ ಮೇಲೆ ಕಾಡು ಹಿಂದೆ ಉಳಿಯುತ್ತದೆ. ಹೊಳೆ ಕಿತ್ತೂರು ತಾಲ್ಲೂಕಿಗೆ ಬರುತ್ತದೆ. ಇದು ಮಲೆನಾಡಿನ ಸೆರಗು. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಕಬ್ಬು, ನಡುವೆ ಕೆಂಪು ಮಣ್ಣಿನ ದಿಬ್ಬಗಳು. ಬೆಳಗಾವಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋದವರಿಗೆಲ್ಲ ಎಂ.ಕೆ. ಹುಬ್ಬಳ್ಳಿಯ ಸೇತುವೆ ಗೊತ್ತು. ಅಲ್ಲಿ ಹೆದ್ದಾರಿ ಮಲಪ್ರಭೆಯನ್ನು ದಾಟುತ್ತದೆ.

ಆ ಊರಿನ ಹೊಳೆಯ ಪಾತ್ರದಲ್ಲೇ ಶರಣೆ ಗಂಗಾಂಬಿಕೆಯ ಐಕ್ಯಮಂಟಪ ಇದೆ. ಗಂಗಾಂಬಿಕೆ ಬಸವಣ್ಣನವರ ಧರ್ಮಪತ್ನಿ. ಕಲ್ಯಾಣದ ಕ್ರಾಂತಿಯ ನಂತರ ಶರಣರು ಉಳವಿಯ ಕಡೆಗೆ ಹೊರಟಾಗ ಆಕೆ ಇಲ್ಲಿ ಐಕ್ಯಳಾದಳು ಎಂಬ ನಂಬಿಕೆ. ನೋಡದವರಿಗೆ ಅದು ಹೇಗಿದೆ ಎಂದು ಹೇಳುತ್ತೇನೆ. ಹೊಳೆಯ ನೀರಿನಲ್ಲಿ ಬಾವಿಯಂತೆ ದುಂಡಗೆ ಗೋಡೆ ಕಟ್ಟಿದ್ದಾರೆ. ಗೋಡೆ ಎತ್ತರ ಇದೆ. ಒಳಗೆ ಮೆಟ್ಟಿಲು ಇಳಿದು ಹೋಗಬೇಕು. ಹೊರಗೆ ನೀರು, ಒಳಗೆ ಒಣ ನೆಲ. ಅಲ್ಲಿ ಸಮಾಧಿ.

ಇದೇ ಮಲಪ್ರಭೆ ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಅಲ್ಲಿ ಬಸವಣ್ಣನವರ ಐಕ್ಯಸ್ಥಳ. ಅದೂ ನೀರಿನ ನಡುವೆ. ಅದಕ್ಕೂ ಬಾವಿಯಂಥ ಗೋಡೆ, ಅಲ್ಲೂ ಮೆಟ್ಟಿಲು. ಹೆಂಡತಿಯ ನೆಲೆ ಮೇಲೆ, ಗಂಡನ ನೆಲೆ ಕೆಳಗೆ. ನಡುವೆ ಒಂದೇ ಹೊಳೆ. ಮೇಲಿನೂರು, ಕೆಳಗಿನೂರು ಬೇರೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಎಂ.ಕೆ. ಹುಬ್ಬಳ್ಳಿಯ ಹೊಳೆಗೆ ಸಂಕ್ರಾಂತಿಯ ದಿನ ಬಂದು ನೋಡಬೇಕು. ಸುತ್ತಲಿನ ಹಳ್ಳಿಗಳಿಂದ ಜನ ಟ್ರ್ಯಾಕ್ಟರ್ ಹೂಡಿಕೊಂಡು, ಟೆಂಪೊ ಮಾಡಿಕೊಂಡು ಬರುತ್ತಾರೆ. ಮೈಗೆ ಎಳ್ಳು, ಅರಿಶಿಣ ಹಚ್ಚಿಕೊಂಡು ಮುಳುಗು ಹಾಕುತ್ತಾರೆ. ಆಮೇಲೆ ದಂಡೆಯ ಮೇಲೆ ಬುತ್ತಿ ಬಿಚ್ಚುತ್ತಾರೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬದನೆಕಾಯಿ, ಅಗಸಿ ಹಿಂಡಿ, ಮೊಸರು. ಬುತ್ತಿಯಲ್ಲಿರುವುದು ಬಹುತೇಕ ಒಣ ಭೂಮಿಯ ಬೆಳೆ. ಮುಳುಗು ಹಾಕಿದ್ದು ಘಟ್ಟದ ಮಳೆಯಲ್ಲಿ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಸಂಕ್ರಾಂತಿ ಬರುವುದು ಜನವರಿಯಲ್ಲಿ. ಮಳೆ ನಿಂತು ಮೂರು ತಿಂಗಳಾಗಿರುತ್ತದೆ. ಆದರೂ ಹೊಳೆಯಲ್ಲಿ ನೀರು ಹೇಗೆ? ಕಾಡಿನ ನೆಲ ಅದನ್ನು ಹಿಡಿದಿಟ್ಟಿರುತ್ತದೆ. ತರಗೆಲೆ, ಬೇರು, ಸಡಿಲ ಮಣ್ಣು ಮಳೆಗಾಲದ ನೀರನ್ನು ಕುಡಿಯುತ್ತವೆ. ಆಮೇಲೆ ಚೂರು ಚೂರೇ ಬಿಡುತ್ತವೆ. ಗುಡ್ಡ ಬೋಳಾದರೆ ನೀರು ನಾಲ್ಕು ದಿನದಲ್ಲಿ ಓಡಿಹೋಗುತ್ತದೆ. ಕಾಡಿದ್ದರೆ ನಾಲ್ಕು ತಿಂಗಳು ನಡೆದು ಬರುತ್ತದೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸೋಣ. ಮಳೆ ಬೀಳುವುದು ಘಟ್ಟದಲ್ಲಿ. ಅದನ್ನು ಹಿಡಿದಿಡುವುದು ಕಾಡು. ತಂದುಕೊಡುವುದು ಹೊಳೆ. ಈಗ ಬೈಲಹೊಂಗಲದ ಎರೆಭೂಮಿಗೆ ಬರೋಣ.

ನಿಮಗೆ ಗೊತ್ತಿರಬಹುದು, ಬೈಲಹೊಂಗಲ ಪೇಟೆ ಹೊಳೆಯ ದಂಡೆಯ ಮೇಲಿಲ್ಲ. ಕಿತ್ತೂರೂ ಇಲ್ಲ. ನಾಲ್ಕು ತಾಲ್ಲೂಕುಗಳ ಕೇಂದ್ರ ಊರುಗಳಲ್ಲಿ ಹೊಳೆಯ ಹರಿವಿಗೇ ಮೈತಾಗಿಸಿ ಕುಳಿತದ್ದು ರಾಮದುರ್ಗ ಒಂದೇ. ಕಿತ್ತೂರಿನ ರಾಣಿ ಚೆನ್ನಮ್ಮ 1824ರ ಅಕ್ಟೋಬರಿನಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿದಳು. ಮುಂದೆ ಸೆರೆಯಾಗಿ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಆ ಪೇಟೆಯಲ್ಲಿದೆ. ಆಕೆಯ ಬಲಗೈಯಾಗಿದ್ದ ರಾಯಣ್ಣನ ಊರು ಸಂಗೊಳ್ಳಿ ಮಾತ್ರ ಮಲಪ್ರಭೆಯ ದಂಡೆಯಲ್ಲೇ ಇದೆ.

ಸಂಗೊಳ್ಳಿಯಿಂದ ಆಚೆಗೆ ನೆಲ ಕಪ್ಪಗಾಗುತ್ತದೆ. ಈ ಎರೆಮಣ್ಣಿನ ಗುಣ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಯಲ್ಲಿ ಚಕ್ಕಡಿಯ ಗಾಲಿ ಮುಂದೆ ಹೋಗಗೊಡುವುದಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಬಿರುಕಿನೊಳಗೆ ಮೊಳಕೈವರೆಗೆ ಕೈ ಇಳಿಯುತ್ತದೆ. ಆದರೆ ಒಮ್ಮೆ ನೀರು ಕುಡಿದರೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆ ತೇವದ ಮೇಲೆಯೇ ಹಿಂಗಾರಿ ಬೆಳೆ. ಬಿಳಿಜೋಳ, ಕಡಲೆ, ಕುಸುಬೆ, ಗೋಧಿ. ಬಿತ್ತಿದ ಮೇಲೆ ಒಂದೆರಡು ಮಳೆ ಬಂದರೂ ಸಾಕು. ಬಾರದಿದ್ದರೂ ಇಬ್ಬನಿಯಲ್ಲಿ, ನೆಲದ ತೇವದಲ್ಲಿ ಜೋಳ ತೆನೆ ಹಿಡಿಯುತ್ತದೆ. ಮುಂಗಾರಿಯಲ್ಲಿ ಹತ್ತಿ. ಬೈಲಹೊಂಗಲದ ಪೇಟೆ ಹೆಸರಾದದ್ದೇ ಹತ್ತಿಯಿಂದ.

ಇಲ್ಲಿನ ರೈತನಿಗೆ ಹೀಗೆ ಎರಡು ನೀರು. ಒಂದು, ತನ್ನ ಹೊಲದ ಮೇಲೇ ಬಿದ್ದು ಮಣ್ಣಿನೊಳಗೆ ಕುಳಿತ ನೀರು. ಇನ್ನೊಂದು, ಹೊಳೆ ಹೊತ್ತು ತಂದ ನೀರು. ಹಿಂದೆ ಮೊದಲನೆಯದೇ ಬದುಕಾಗಿತ್ತು. ಹೊಳೆ ದಂಡೆಗೆ ಪಂಪಸೆಟ್ಟು ಬಂದವು, ಪೈಪು ಬಂದವು, ಹಿಂದಿನಿಂದ ಕಬ್ಬು ಬಂತು. ಕಬ್ಬು ವರ್ಷವಿಡೀ ಕುಡಿಯುವ ಬೆಳೆ. ಅದಕ್ಕೆ ಎರೆಮಣ್ಣಿನ ತೇವ ಸಾಲದು. ನಾವು ಕಬ್ಬು ಹೆಚ್ಚಿಸಿದಷ್ಟೂ ಮೇಲಿನೂರಿನ ಮಳೆಯ ಮೇಲೆ ನಮ್ಮ ಸಾಲ ಬೆಳೆಯುತ್ತದೆ.

ಎರೆಮಣ್ಣಿನ ತೇವ ನಮ್ಮದು, ಹೊಳೆಯ ನೀರು ಮೇಲಿನದು ಅಂದೆವು. ಈಗ ಆ ಮೇಲಿನ ನೀರನ್ನು ಕಟ್ಟಿ ನಿಲ್ಲಿಸಿದ ಜಾಗಕ್ಕೆ ಹೋಗೋಣ. ಸವದತ್ತಿ ತಾಲ್ಲೂಕಿನ ನವಿಲುತೀರ್ಥ.

ಕಣ್ಣ ಮುಂದೆ ತಂದುಕೊಳ್ಳಿ. ಬಯಲಿನಲ್ಲಿ ಹರಿದು ಬಂದ ಹೊಳೆಗೆ ಎದುರಾಗಿ ಒಂದು ಗುಡ್ಡದ ಸಾಲು ನಿಂತಿದೆ. ಮರಳುಗಲ್ಲಿನ ಗುಡ್ಡ. ಹೊಳೆ ಸುತ್ತು ಹಾಕಿ ಹೋಗಲಿಲ್ಲ. ಗುಡ್ಡವನ್ನು ಸೀಳಿ ಹೊರಟಿತು. ಎರಡೂ ಕಡೆ ಕಡಿದಾದ ಬಂಡೆ, ನಡುವೆ ಇಕ್ಕಟ್ಟಾದ ಕಣಿವೆ. ಲಕ್ಷಾಂತರ ವರ್ಷಗಳ ಕೆಲಸ ಅದು. ಇಲ್ಲಿಂದ ರಾಮದುರ್ಗ ದಾಟಿ ಬಾದಾಮಿಯವರೆಗೆ ಇದೇ ಬಗೆಯ ಕಲ್ಲು. ಚಾಲುಕ್ಯರು ಬಾದಾಮಿಯಲ್ಲಿ ಗುಹೆ ಕೊರೆದದ್ದು, ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿದ್ದು ಮರಳುಗಲ್ಲಿನಲ್ಲೇ. ಪಟ್ಟದಕಲ್ಲಿನ ಗುಡಿಗಳ ಮಗ್ಗುಲಿಗೂ ಇದೇ ಮಲಪ್ರಭೆ.

ಎಂಜಿನಿಯರುಗಳಿಗೆ ಇಂಥ ಕಣಿವೆ ಸಿಕ್ಕರೆ ಇನ್ನೇನು ಬೇಕು? ಸುಮಾರು 150 ಮೀಟರ್ ಉದ್ದದ ಕಟ್ಟೆ ಕಟ್ಟಿದರು. ಎತ್ತರ 40 ಮೀಟರಿನ ಮೇಲೆ. ಅಷ್ಟೇ. ಹಿಂದೆ ನಿಂತದ್ದು ರೇಣುಕಾ ಸಾಗರ. ತುಂಬಿದಾಗ ಸುಮಾರು 37 ಟಿಎಂಸಿ ನೀರು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 1970ರ ದಶಕದ ಮೊದಲ ವರ್ಷಗಳಲ್ಲಿ ಕಟ್ಟೆ ಮುಗಿಯಿತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು, ಜನ ದೇವರನ್ನೂ ಧಾನ್ಯವನ್ನೂ ಹೊತ್ತುಕೊಂಡು ಎತ್ತರದ ನೆಲಕ್ಕೆ ಹೋದರು. ಕಾಲುವೆಗಳು ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಈ ನಾಲ್ಕು ಜಿಲ್ಲೆಗಳ ಹೊಲಗಳ ಕಡೆಗೆ ಹೊರಟವು. ಲೆಕ್ಕದ ಪ್ರಕಾರ ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ನೀರು. ಹುಬ್ಬಳ್ಳಿ–ಧಾರವಾಡದ ಜನ ಕುಡಿಯುವುದೂ ಇಲ್ಲಿಯದೇ ನೀರು.

ಲೆಕ್ಕ ಕಾಗದದ ಮೇಲಿತ್ತು, ಮಳೆ ಕಣಕುಂಬಿಯಲ್ಲಿತ್ತು. ಜಲಾಶಯ ತುಂಬಿದ ವರ್ಷಗಳಿಗಿಂತ ತುಂಬದ ವರ್ಷಗಳೇ ಹೆಚ್ಚಾದವು. ಕಾಲುವೆಯ ತುದಿಯ ಹೊಲಕ್ಕೆ ನೀರು ಸರಿಯಾಗಿ ಮುಟ್ಟಲಿಲ್ಲ. ಕರದ ನೋಟಿಸು ಮುಟ್ಟಿತು. 1980ರಲ್ಲಿ ನರಗುಂದ, ನವಲಗುಂದದ ರೈತರು ಬೀದಿಗಿಳಿದರು. ಜುಲೈ 21ರಂದು ಗೋಳೀಬಾರ್ ಆಯಿತು. ಜೀವಗಳು ಹೋದವು. ರಾಜ್ಯದ ರೈತ ಚಳವಳಿಗೆ ಅದೊಂದು ತಿರುವು. ಅದರ ಬೇರು ಇರುವುದು ಇಲ್ಲೇ, ಮೇಲಿನೂರಿನ ಮಳೆಯನ್ನು ನಂಬಿ ಕೆಳಗಿನೂರಿಗೆ ಕೊಟ್ಟ ಮಾತಿನಲ್ಲಿ.

ಹೀಗೆ ಕಟ್ಟೆ ನೀರನ್ನು ಹಿಡಿಯಬಲ್ಲದು, ಮಳೆಯನ್ನು ತರಿಸಲಾರದು. ಈ ಮಾತನ್ನು ಇಲ್ಲಿಗೆ ಗಂಟು ಹಾಕಿ ಮುಂದಿನ ವಿಷಯಕ್ಕೆ ಬರೋಣ. ಅದು ಉಸುಕಿನ ವಿಷಯ.

ರೇಣುಕಾ ಸಾಗರದ ಹತ್ತಿರವೇ ಎಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಉಧೋ ಉಧೋ ಎನ್ನುತ್ತ ಗುಡ್ಡ ಏರುತ್ತಾರೆ. ಎಲ್ಲಮ್ಮ ಅಂದರೆ ರೇಣುಕೆ. ಆಕೆಯ ಕಥೆ ನಿಮಗೆಲ್ಲ ಗೊತ್ತು. ಆಕೆ ದಿನಾ ಬೆಳಗ್ಗೆ ಮಲಪ್ರಭೆಗೆ ಹೋಗುತ್ತಿದ್ದಳು. ಹಸಿ ಉಸುಕಿನಿಂದ ಕೊಡ ಮಾಡುತ್ತಿದ್ದಳು. ಹಾವನ್ನು ಸಿಂಬೆ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಕೊಡ ಹೊತ್ತು ಗಂಡ ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದಳು. ಒಂದು ದಿನ ಉಸುಕು ಕೊಡವಾಗಲಿಲ್ಲ.

ಭಕ್ತರು ಆ ಉಸುಕಿನ ಕೊಡವನ್ನು ಪಾತಿವ್ರತ್ಯದ ಮಹಿಮೆ ಎನ್ನುತ್ತಾರೆ. ನಾನು ಹೊಳೆಯ ಕಡೆಯಿಂದ ಒಂದು ಮಾತು ಹೇಳುತ್ತೇನೆ. ಹೊಳೆಯ ಪಾತ್ರವೇ ಒಂದು ಉಸುಕಿನ ಕೊಡ. ಮೇಲೆ ಹರಿವು ನಿಂತರೂ ಉಸುಕಿನ ಒಳಗೆ ನೀರು ಇರುತ್ತದೆ. ಹೊಳೆಸಾಲಿನ ಹಿರಿಯರನ್ನು ಕೇಳಿ. ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಹೊಳೆಯ ಉಸುಕಿನಲ್ಲಿ ವರತಿ ತೋಡುತ್ತಿದ್ದರು. ಎರಡು ಮೊಳ ತೆಗೆದರೆ ನೀರು ಒಸರುತ್ತಿತ್ತು. ಮೊದಲು ರಾಡಿ. ಅದನ್ನು ಗೋರಿ ಚೆಲ್ಲಿ ಸ್ವಲ್ಪ ಹೊತ್ತು ಕಾದರೆ ತಿಳಿ. ಬಟ್ಟಲಿನಿಂದ ತುಂಬಿ, ಸೀರೆಯ ಸೆರಗಿನಲ್ಲಿ ಸೋಸಿ ಕೊಡಕ್ಕೆ ಹಾಕಿಕೊಳ್ಳುತ್ತಿದ್ದರು. ದಂಡೆಯ ಬಾವಿಗಳಿಗೂ ಆ ಉಸುಕೇ ಆಧಾರ.

ಆಮೇಲೆ ಉಸುಕಿಗೆ ಬೆಲೆ ಬಂತು. ಟ್ರ್ಯಾಕ್ಟರು, ಟಿಪ್ಪರು ಹೊಳೆಗೆ ಇಳಿದವು. ಎಷ್ಟೋ ಕಡೆ ಉಸುಕು ಹೋಗಿ ಬರೀ ಅರಲು, ಬಂಡೆ ಉಳಿದಿದೆ. ಅಲ್ಲಿ ಮುಳ್ಳುಕಂಟಿ ಎದ್ದಿದೆ. ಕಣಕುಂಬಿ ಕಳಿಸಿದ ನೀರು ಬರುತ್ತದೆ, ನಿಲ್ಲಲು ಜಾಗ ಸಾಲದೆ ಮುಂದೆ ಹೋಗುತ್ತದೆ. ಮೇಲಿನವರು ಕೊಟ್ಟದ್ದನ್ನು ಇಟ್ಟುಕೊಳ್ಳುವ ಕೊಡವನ್ನು ಒಡೆದವರು ನಾವೇ.

ಕಾಡಿನ ಮಾತು ಆಯಿತು, ಎರೆಮಣ್ಣಿನ ಮಾತು ಆಯಿತು, ಕಟ್ಟೆಯ ಮಾತು, ಉಸುಕಿನ ಮಾತೂ ಆಯಿತು. ಇನ್ನು ಮಹಾಪೂರದ ಮಾತು. ಕಟ್ಟೆಯಿಂದ ಕೆಳಗಿನ ದಾರಿ ಹಿಡಿಯೋಣ.

ಕಟ್ಟೆ ದಾಟಿದ ಕೂಡಲೇ ಮುನವಳ್ಳಿ. ಹಳೆಯ ಊರು, ಕೋಟೆ ಇದೆ, ಪಂಚಲಿಂಗೇಶ್ವರ ಗುಡಿ ಇದೆ. ಮುಂದೆ ರಾಮದುರ್ಗ ತಾಲ್ಲೂಕಿನ ತೊರಗಲ್ಲು. ಒಂದು ಕಾಲಕ್ಕೆ ತೊರಗಲೆ ಆರು ಸಾವಿರ ಎಂಬ ನಾಡಿಗೆ ಅದೇ ಮುಖ್ಯ ಊರು. ಹೊಳೆಯ ಹತ್ತಿರ ಕೋಟೆ, ಭೂತನಾಥನ ಗುಡಿಗಳು. ಆಮೇಲೆ ರಾಮದುರ್ಗ. ಭಾವೆ ಮನೆತನ ಆಳಿದ ಪುಟ್ಟ ಸಂಸ್ಥಾನ, 1939ರ ಪ್ರಜಾ ಹೋರಾಟದಿಂದ ಹೆಸರಾದದ್ದು. ನೇಕಾರರ ಮಗ್ಗದ ಸದ್ದು ಇನ್ನೂ ಕೇಳುವ ಊರು.

ನಮ್ಮಲ್ಲಿ ಒಂದು ಗಾದೆ ಇದೆ. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ. 2019ರ ಆಗಸ್ಟಿನಲ್ಲಿ ಈ ಗಾದೆ ಹೊಳೆಸಾಲಿನವರ ಕೈಹಿಡಿಯಲಿಲ್ಲ. ಆ ವರ್ಷದ ಮೊದಲರ್ಧ ಬರಗಾಲ. ನೀರಿನ ಟ್ಯಾಂಕರಿಗಾಗಿ ಕಾಯುವ ದಿನಗಳು. ಆಗಸ್ಟಿನ ಮೊದಲ ವಾರದಲ್ಲಿ ಘಟ್ಟದಲ್ಲಿ ಮಳೆ ಬಿಡದೆ ಹೊಡೆಯಿತು. ಜಲಾಶಯ ಭರದಿಂದ ತುಂಬಿತು. ಬಾಗಿಲು ತೆರೆಯದೆ ಗತಿಯಿರಲಿಲ್ಲ. ಮುನವಳ್ಳಿಯ ಓಣಿಗಳಿಗೆ ನೀರು ಬಂತು. ರಾಮದುರ್ಗದ ತಗ್ಗಿನ ಓಣಿಗಳಲ್ಲಿ ನೇಕಾರರ ಮಗ್ಗದ ಕುಣಿಯೊಳಗೆ ನೀರು ನಿಂತಿತು. ಕುಣಿಮಗ್ಗದ ನೇಕಾರ ಕಾಲು ಇಳಿಬಿಟ್ಟು ಕೂಡುವ ಜಾಗ ಅದು. ಹಾಸಿದ ನೂಲು, ಗೋಡೆ, ಕಾಳುಕಡಿ ಎಲ್ಲ ನೆನೆದವು.

ಈ ಪೂರಕ್ಕೆ ಮಳೆಯೊಂದೇ ಕಾರಣವೇ? ಅಲ್ಲ. ಕಟ್ಟೆಯ ಕೆಳಗೆ ವರ್ಷಗಟ್ಟಲೆ ನೀರು ಕಡಿಮೆ ಇತ್ತು. ಹೊಳೆ ಇಷ್ಟೇ ಎಂದು ಜನ ತಿಳಿದರು. ದಂಡೆಯನ್ನು ಒತ್ತಿ ಒತ್ತಿ ಹೊಲ ಮಾಡಿದರು. ಹೊಳೆಯ ಪಾತ್ರ ಸಣ್ಣದಾಯಿತು. ಮೇಲಿನೂರಿನ ಮಳೆ ತನ್ನ ಹಳೆಯ ದಾರಿ ಕೇಳಿಕೊಂಡು ಬಂದಾಗ ಆ ದಾರಿಯಲ್ಲಿ ನಾವು ಇದ್ದೆವು.

ಅಂದರೆ ಮೇಲಿನ ಮಳೆ ಕಡಿಮೆಯಾದರೂ ನಮಗೆ ಕಷ್ಟ, ಹೆಚ್ಚಾದರೂ ಕಷ್ಟ. ಇದು ನಮ್ಮದೊಂದೇ ಕಥೆಯೇ? ಸ್ವಲ್ಪ ದೂರ ಹೋಗಿ ನೋಡೋಣ. ಸ್ಪೇನ್ ದೇಶದಲ್ಲಿ ಎಬ್ರೊ ಎಂಬ ನದಿ ಇದೆ. ಉತ್ತರದ ಕಾಂತಾಬ್ರಿಯಾದ ಹಸಿರು ಗುಡ್ಡಗಳಲ್ಲಿ ಹುಟ್ಟುತ್ತದೆ. 900 ಕಿಲೋಮೀಟರಿಗೂ ಹೆಚ್ಚು ಹರಿಯುತ್ತದೆ. ನಡುದಾರಿಯಲ್ಲಿ ಸರಗೋಸಾ ಎಂಬ ದೊಡ್ಡ ಊರು. ಅಲ್ಲಿ ವರ್ಷಕ್ಕೆ ಬರೀ ಮುನ್ನೂರು ಚಿಲ್ಲರೆ ಮಿಲಿಮೀಟರ್ ಮಳೆ. ನಮ್ಮ ರಾಮದುರ್ಗಕ್ಕಿಂತ ಕಡಿಮೆ. ಸುತ್ತಲೂ ಬೆಳ್ಳನೆಯ ಒಣ ದಿಬ್ಬಗಳು. ನದಿಯ ಎರಡೂ ದಂಡೆಗೆ ಮಾತ್ರ ಹಸಿರು ಪಟ್ಟಿ. ಅದೂ ಮೇಲಿನ ಬೆಟ್ಟಗಳ ಮಳೆ, ಹಿಮದ ಪುಣ್ಯ.

2001ರಲ್ಲಿ ಅಲ್ಲಿನ ಸರ್ಕಾರ ಒಂದು ಯೋಜನೆ ಮಾಡಿತು. ಎಬ್ರೊ ನದಿಯಿಂದ ವರ್ಷಕ್ಕೆ ಸುಮಾರು 37 ಟಿಎಂಸಿಯಷ್ಟು ನೀರನ್ನು ಬೇರೆ ಪ್ರಾಂತಗಳಿಗೆ ಒಯ್ಯುವ ಯೋಜನೆ. ಅಂದರೆ ನಮ್ಮ ರೇಣುಕಾ ಸಾಗರ ಪೂರ್ತಿ ತುಂಬಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ. ನದಿಸಾಲಿನ ಜನ ಲಕ್ಷಗಟ್ಟಲೆ ಸೇರಿ ವಿರೋಧ ಮಾಡಿದರು. 2004ರಲ್ಲಿ ಹೊಸ ಸರ್ಕಾರ ಬಂದು ಅದನ್ನು ಕೈಬಿಟ್ಟಿತು.

ಈಗ ಕಣಕುಂಬಿಯ ದಿಬ್ಬವನ್ನು ನೆನಪಿಸಿಕೊಳ್ಳಿ. ಹನಿ ಎರಡು ದಿಕ್ಕಿಗೆ ಒಡೆಯುವ ಜಾಗ. ಆಚೆ ಹೋಗುವ ಕಳಸಾ, ಬಂಡೂರಿ ನಾಲೆಗಳ ನೀರಿನಲ್ಲಿ ಒಂದಷ್ಟನ್ನು ಈಚೆ ಮಲಪ್ರಭೆಗೆ ತಿರುಗಿಸಿ ಎಂಬುದು ನಮ್ಮ ಭಾಗದ ರೈತರ ಬಹುಕಾಲದ ಬೇಡಿಕೆ. ಬೇಡ ಎಂಬುದು ಗೋವಾದ ವಾದ. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ 13 ಟಿಎಂಸಿಗೂ ಸ್ವಲ್ಪ ಹೆಚ್ಚು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಸುಮಾರು 4 ಟಿಎಂಸಿ. ಸ್ಪೇನಿನಲ್ಲಿ ನೀರು ಒಯ್ಯಬೇಡಿ ಎಂದವರು ನದಿಸಾಲಿನವರು. ಇಲ್ಲಿ ನೀರು ತನ್ನಿ ಎನ್ನುತ್ತಿರುವವರು ನದಿಸಾಲಿನವರು. ಎರಡೂ ಕಡೆ ಪ್ರಶ್ನೆ ಒಂದೇ: ಒಂದು ಕಡೆ ಬಿದ್ದ ಮಳೆ ಯಾರದು?

ಈ 4 ಟಿಎಂಸಿ ಬಂದರೆ ಒಳ್ಳೆಯದೇ. ಕುಡಿಯುವ ನೀರಿಗೆ ಆಸರೆ. ಆದರೆ 37 ಟಿಎಂಸಿಯ ಜಲಾಶಯಕ್ಕೆ ಅದು ಒಂಬತ್ತರಲ್ಲಿ ಒಂದು ಪಾಲು. ಉಳಿದ ಎಂಟು ಪಾಲು ಇಂದಿಗೂ ಬರಬೇಕಾದದ್ದು ಈಚೆ ಮಗ್ಗುಲಿನ ಮಳೆಯಿಂದ, ಖಾನಾಪುರದ ಕಾಡಿನ ಮೂಲಕ. ನಾವು ನಾಲೆಯ ಬಗ್ಗೆ ಎಷ್ಟು ಮಾತಾಡುತ್ತೇವೋ ಅದರ ಕಾಲುಭಾಗವನ್ನಾದರೂ ಆ ಕಾಡಿನ ಬಗ್ಗೆ ಮಾತಾಡಿದ್ದೇವೆಯೇ?

ಕೇಳುಗರೇ, ಮಾತು ಮುಗಿಸುವ ಮುನ್ನ ಮೂರು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು. ಖಾನಾಪುರದ ಕಾಡು ಖಾನಾಪುರದವರದಷ್ಟೇ ಅಲ್ಲ. ಅಲ್ಲಿ ಮರ ಉಳಿದರೆ ಸವದತ್ತಿಯ ಹೊಲಕ್ಕೆ ಲಾಭ, ಹುಬ್ಬಳ್ಳಿಯ ನಳಕ್ಕೆ ಲಾಭ. ಆ ಕಾಡಿನ ಅಂಚಿನ ಜನ ರಸ್ತೆ, ದವಾಖಾನೆ, ಸಾಲೆ ಕೇಳಿದಾಗ ಕೆಳಗಿನ ನಾಲ್ಕು ತಾಲ್ಲೂಕುಗಳೂ ಅವರ ಬೆನ್ನಿಗೆ ನಿಲ್ಲಬೇಕು. ಅವರು ಕಾಯುತ್ತಿರುವುದು ನಮ್ಮ ನೀರನ್ನು.

ಎರಡು. ಉಸುಕು ಮತ್ತು ದಂಡೆ ಊರಿನ ಆಸ್ತಿ. ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಹೊಳೆಯ ಹದ್ದು ಎಲ್ಲಿಯವರೆಗೆ ಎಂದು ಅಳತೆ ಮಾಡಿಸಿ. ಒತ್ತಿದ ನೆಲ ಬಿಡುವುದು ಕಷ್ಟ, ಒಪ್ಪಿದೆ. ಪೂರದಲ್ಲಿ ಮನೆ ಬಿಡುವುದು ಅದಕ್ಕಿಂತ ಕಷ್ಟ.

ಮೂರು. ಜೂನಿನಿಂದ ಸೆಪ್ಟೆಂಬರಿನವರೆಗೆ ನಿಮ್ಮ ಊರಿನ ಮಳೆಯ ಲೆಕ್ಕದ ಜೊತೆಗೆ ಕಣಕುಂಬಿಯ ಮಳೆಯ ಲೆಕ್ಕವನ್ನೂ ಕೇಳಿಕೊಳ್ಳಿ. ಅಲ್ಲಿ ಮಳೆ ಜೋರಾದರೆ, ಇಲ್ಲಿ ಬಿಸಿಲಿದ್ದರೂ ಹೊಳೆದಂಡೆಯ ಪಂಪಸೆಟ್ಟು ಎತ್ತಿಡಿ, ದನ ಮೇಲಕ್ಕೆ ಹೊಡೆಯಿರಿ, ಮಗ್ಗದ ನೂಲು ಅಟ್ಟಕ್ಕೇರಿಸಿ. ಅಲ್ಲಿ ಮಳೆ ಕೈಕೊಟ್ಟರೆ, ಕಾಲುವೆಯ ನೀರನ್ನು ನಂಬಿ ಕಬ್ಬು ಹಚ್ಚುವ ಮುನ್ನ ಒಮ್ಮೆ ಯೋಚಿಸಿ. ಆ ವರ್ಷಕ್ಕೆ ಜೋಳ, ಕಡಲೆ ಸಾಕು ಎನ್ನಿ. ಎರೆಮಣ್ಣು ನಿಮ್ಮನ್ನು ಉಪವಾಸ ಕೆಡವುವುದಿಲ್ಲ.